ಮೇಷ್ಟ್ರು ಎದ್ದು ಹೋದ ಮೇಲೆ ಆ ಕುರ್ಚಿ ಯಾರಿಗೆ?

ಪ್ರಶ್ನೆ: ನಾವು ತುಮಕೂರಿನ ಆರು ಜನ ಸೇರಿ ಯೂಟ್ಯೂಬ್‌ನಲ್ಲಿ ವಾರಕ್ಕೊಮ್ಮೆ ಇಪ್ಪತ್ತು ನಿಮಿಷದ ಸುದ್ದಿ ವಿಡಂಬನೆ ಮಾಡುತ್ತೇವೆ. ಐದು ವರ್ಷ ಆಯಿತು. ನಡೆಸಿಕೊಡುವವರು ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಸ್ಟೀಲ್ ಲೋಟದಲ್ಲಿ ಒಂದು ಗುಟುಕು ಕಾಫಿ ಕುಡಿದು, "ಏನ್ರಪ್ಪಾ, ಊರು ಇನ್ನೂ ಇದೆಯಾ?" ಅಂತ ಶುರು ಮಾಡಿದರೆ ಜನ ಅಲ್ಲೇ ನಗುತ್ತಾರೆ. ಈಗ ಅವರು ಹುಬ್ಬಳ್ಳಿಗೆ, ಮಗಳ ಮನೆಗೆ ಹೊರಟಿದ್ದಾರೆ. ನಮ್ಮ ಮುಂದೆ ಮೂರು ದಾರಿ ಇವೆ. ಮೇಷ್ಟ್ರ ಶಿಷ್ಯನೊಬ್ಬ ಇದ್ದಾನೆ, ಅವರ ದನಿ, ಕೆಮ್ಮು, ಕನ್ನಡಕ ಸರಿಮಾಡಿಕೊಳ್ಳುವುದು ಎಲ್ಲ ಪಕ್ಕಾ ಮಾಡುತ್ತಾನೆ. ಇನ್ನೊಬ್ಬಳು ಪಾವಗಡದ ಹುಡುಗಿ. ಆಡಿಷನ್‌ನಲ್ಲಿ, "ನಮ್ಮಪ್ಪ ಈಗ ರೈತ ಅಲ್ಲ, ಸೂರ್ಯನಿಗೆ ಜಮೀನು ಬಾಡಿಗೆ ಕೊಟ್ಟ ಓನರ್. ಆದ್ರೆ ಸ್ವಂತ ಜಮೀನಿನೊಳಗೆ ಕಾಲಿಡೋಕೆ ಸೆಕ್ಯುರಿಟಿನ ಕೇಳ್ಬೇಕು" ಅಂದಳು. ನಾವು ನಕ್ಕೆವು. ಆದರೆ ಅವಳ ಮಾತಿನಲ್ಲಿ ತೆಲುಗು ವಾಸನೆ ಇದೆ, ವಯಸ್ಸೂ ಚಿಕ್ಕದು. ಮೂರನೆಯದು ವಾರಕ್ಕೊಬ್ಬರು ಅತಿಥಿ. ಕಾಮೆಂಟ್‌ಗಳಲ್ಲಿ "ಮೇಷ್ಟ್ರಿಲ್ಲದ ಮೇಲೆ ಮುಚ್ಚಿಬಿಡಿ" ಅನ್ನುವವರೇ ಜಾಸ್ತಿ. ಮೇಷ್ಟ್ರ ಮನೆಯಿಂದ ಬಂದ ಆ ಲೋಟವನ್ನಾದರೂ ಮೇಜಿನ ಮೇಲೆ ಉಳಿಸಿಕೊಳ್ಳೋಣ ಅಂತ ಕೆಲವರು. ಏನು ಮಾಡುವುದು?

ಉತ್ತರ: ಪಾವಗಡದ ಹುಡುಗಿಗೆ ಕೊಡಿ. ಕಾರಣ ಹೇಳಲು ಸ್ವಲ್ಪ ಉದ್ದ ಆಗುತ್ತದೆ. ನೀವೂ ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ.

ಸುದ್ದಿ ವಿಡಂಬನೆ ನಿಲ್ಲುವುದು ಕುರ್ಚಿಯಲ್ಲಿ ಕೂತವರ ಸಿಟ್ಟಿನ ಮೇಲೆ. ಜೋಕನ್ನು ಯಾರಾದರೂ ಬರೆದುಕೊಡಬಹುದು, ಸಿಟ್ಟನ್ನು ಬರೆದುಕೊಡಲು ಆಗಲ್ಲ. ನಿಮ್ಮ ಪತ್ರ ಬಂದ ಮೇಲೆ ಹಳೆಯ ಕಂತುಗಳನ್ನು ಕೂತು ನೋಡಿದೆ. ಮೇಷ್ಟ್ರಿಗೆ ಯಾರ ಮೇಲೆ ಸಿಟ್ಟು ಅಂತ ಗಮನಿಸಿದ್ದೀರಾ? ಪಕ್ಷದ ಮೇಲೆ ಅಲ್ಲ. ಲಂಚದ ಮೇಲೆ ಕೂಡ ಅಷ್ಟಿಲ್ಲ. ಅವರ ಸಿಟ್ಟೆಲ್ಲ ಹೋಂವರ್ಕ್ ಮಾಡದೆ ಕ್ಲಾಸಿಗೆ ಬಂದವರ ಮೇಲೆ. ಸ್ಮಾರ್ಟ್ ಸಿಟಿ ಹೆಸರಲ್ಲಿ ಅಗೆದ ರಸ್ತೆಯನ್ನೇ ಮತ್ತೆ ಅಗೆದರೆ ಅವರ ಕಣ್ಣಿಗೆ ಅದು ಅಳಿಸಿ ಬರೆದ ಲೆಕ್ಕ. ಫ್ಲೆಕ್ಸ್‌ನಲ್ಲಿ 'ಹಾರ್ದಿಕ ಶುಭಾಶಯ' ತಪ್ಪಾಗಿ ಬರೆದರೆ ಕೆಂಪು ಶಾಯಿ ತೆಗೆಯುತ್ತಾರೆ. ಮೆಂಬರು, ಇಂಜಿನಿಯರು, ಕಮಿಷನರು ಎಲ್ಲರೂ ಅವರಿಗೆ ಕೊನೆ ಬೆಂಚಿನ ಹುಡುಗರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಮಾತ್ರ ಬರುವ ಸಿಟ್ಟು ಅದು. ಅದಕ್ಕೇ ಬೈದರೂ ಸಿಹಿಯಾಗಿ ಕೇಳಿಸುತ್ತದೆ.

ಶಿಷ್ಯನಿಗೆ ದನಿ ಬಂದಿದೆ, ಈ ಸಿಟ್ಟು ಬಂದಿಲ್ಲ. ಬರುವುದೂ ಇಲ್ಲ. ಅವನು ಯಾವತ್ತೂ ಪೇಪರ್ ತಿದ್ದಿದವನಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಗಾದೆ ಇಲ್ಲಿ ಹೇಳಿದರೆ ಒರಟಾಗುತ್ತದೆ, ಹುಡುಗನಿಗೆ ಪ್ರತಿಭೆ ಇದೆ. ಆದರೆ ಮಿಮಿಕ್ರಿಗೆ ಜನ ಎಷ್ಟು ವಾರ ಚಪ್ಪಾಳೆ ಹೊಡೆಯುತ್ತಾರೆ? ಮೊದಲ ವಾರ "ಅಯ್ಯೋ, ಥೇಟ್ ಮೇಷ್ಟ್ರು!" ಅನ್ನುತ್ತಾರೆ. ನಾಲ್ಕನೇ ವಾರ ಅದೇ ಮಾತು ದೂರು ಆಗುತ್ತದೆ. ಥೇಟ್ ಮೇಷ್ಟ್ರ ಹಾಗೇ ಇರುವವನು ಪ್ರತಿ ನಿಮಿಷವೂ ಮೇಷ್ಟ್ರಿಲ್ಲ ಅನ್ನುವುದನ್ನೇ ನೆನಪಿಸುತ್ತಿರುತ್ತಾನೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ದಿನಾ ಬೆಳಗ್ಗೆ ತುಮಕೂರಿನಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದೆ. ಒಂದು ಸುದ್ದಿ ವಾಹಿನಿಯಲ್ಲಿ ರಾತ್ರಿಯ ಹತ್ತು ನಿಮಿಷದ ವಿಡಂಬನೆಗೆ ಬರೆಯುವ ಕೆಲಸ. ನಡೆಸಿಕೊಡುತ್ತಿದ್ದವರು ರಂಗಭೂಮಿಯಿಂದ ಬಂದವರು. ಉದ್ದುದ್ದ ವಾಕ್ಯ, ಕೊನೆಗೆ ಒಂದೇ ಏಟು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಅವರು ಬಿಟ್ಟರು. ಅವರ ಜಾಗಕ್ಕೆ ರೇಡಿಯೊದಿಂದ ಒಬ್ಬರು ಬಂದರು, ಚುರುಕು ಬಾಯಿ. ನಾವು ಮಾಡಿದ್ದೇನು ಗೊತ್ತಾ? ಅದೇ ಉದ್ದುದ್ದ ವಾಕ್ಯಗಳನ್ನು ಬರೆದು ಕೈಗೆ ಕೊಟ್ಟೆವು. ಪಾಪ, ಅರ್ಧ ದಾರಿಯಲ್ಲೇ ಅವರ ಉಸಿರು ಮುಗಿಯುತ್ತಿತ್ತು. ಜನ "ಇವರಿಗೆ ಹಾಸ್ಯ ಬರಲ್ಲ" ಅಂದರು. ಬರುತ್ತಿತ್ತು. ಅವರಿಗೆ ತಕ್ಕಂತೆ ಬರೆಯಲು ನಮಗೆ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಅಂಗಡಿ ಮುಚ್ಚಿತು. ಬೈಗುಳವೆಲ್ಲ ಅವರ ತಲೆಗೆ ಹೋಯಿತು, ಬರೆದವರ ಹೆಸರು ಎಲ್ಲೂ ಬರಲಿಲ್ಲ. ಅದು ನನಗೆ ಇವತ್ತಿಗೂ ಕೊರೆಯುತ್ತದೆ.

ಇಂಥ ಬದಲಾವಣೆಯ ದೊಡ್ಡ ಕತೆ ಅಮೆರಿಕದ ಟಿವಿಯ ಸುದ್ದಿ ವಿಡಂಬನೆ 'ದಿ ಡೈಲಿ ಶೋ'ದು. ಆ ಹೆಸರು ಕೇಳಿದರೆ ಎಲ್ಲರಿಗೂ ಜಾನ್ ಸ್ಟುವರ್ಟ್ ನೆನಪಾಗುತ್ತಾರೆ. ಅವರೇ ಬದಲಿಗೆ ಬಂದವರು ಅನ್ನುವುದು ಮರೆತೇ ಹೋಗಿದೆ! 1996ರಲ್ಲಿ ಅದನ್ನು ಶುರು ಮಾಡಿದ ನಿರೂಪಕ ಕ್ರೇಗ್ ಕಿಲ್ಬಾರ್ನ್. ಆಗ ಸಿನಿಮಾ ಮಂದಿಯ ಗೇಲಿ, ವಿಚಿತ್ರ ಸುದ್ದಿಗಳ ತಮಾಷೆ ಜಾಸ್ತಿ ಇತ್ತು. 1999ರ ಜನವರಿಯಲ್ಲಿ ಸ್ಟುವರ್ಟ್ ಬಂದರು. ಅವರ ಸಿಟ್ಟು ಬೇರೆ ಕಡೆಗಿತ್ತು, ರಾಜಕಾರಣದ ಮೇಲೆ ಮತ್ತು ಅದನ್ನು ಸುಮ್ನೆ ಒಪ್ಪಿಸುವ ಸುದ್ದಿ ವಾಹಿನಿಗಳ ಮೇಲೆ. ಅಲ್ಲಿದ್ದ ಹಳೆಯ ಬರಹಗಾರರಿಗೆ ಇದು ಹಿಡಿಸಲಿಲ್ಲ. ಒಳಗೆ ಸಾಕಷ್ಟು ತಿಕ್ಕಾಟ ಆಯಿತು. ಆಮೇಲೆ 'ದಿ ಆನಿಯನ್' ಎಂಬ ವಿಡಂಬನೆ ಪತ್ರಿಕೆಯಿಂದ ಬೆನ್ ಕಾರ್ಲಿನ್ ಬಂದು ಬರಹಗಾರರ ಮುಖ್ಯಸ್ಥರಾದರು. ಕಾರ್ಯಕ್ರಮಕ್ಕೆ ದೊಡ್ಡ ಹೆಸರು ಬಂದದ್ದು 2000ದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ. ಆ ಚುನಾವಣೆಯ ಕಂತುಗಳಿಗೆ ಪೀಬಾಡಿ ಪ್ರಶಸ್ತಿಯೂ ಸಿಕ್ಕಿತು. ಲೆಕ್ಕ ಹಾಕಿ. ಸ್ಟುವರ್ಟ್‌ಗೇ ಸುಮಾರು ಎರಡು ವರ್ಷ ಬೇಕಾಯಿತು. ನೀವು ಎರಡು ವಾರದಲ್ಲಿ ಫಲಿತಾಂಶ ಕೇಳಬೇಡಿ.

ಹದಿನಾರು ವರ್ಷ ಆದ ಮೇಲೆ ಸ್ಟುವರ್ಟ್ ಹೊರಟರು. 2015ರ ಮಾರ್ಚ್‌ನಲ್ಲಿ ಅವರ ಜಾಗಕ್ಕೆ ಟ್ರೆವರ್ ನೋವಾ ಹೆಸರು ಹೇಳಿದಾಗ ಅಮೆರಿಕದ ಬಹಳ ಜನಕ್ಕೆ ಅವರ ಪರಿಚಯವೇ ಇರಲಿಲ್ಲ. ದಕ್ಷಿಣ ಆಫ್ರಿಕದವರು, ವಯಸ್ಸು 31. ಅದೇ ಕಾರ್ಯಕ್ರಮದಲ್ಲಿ ಅಲ್ಲಿಯವರೆಗೆ ಬಂದದ್ದು ಮೂರೇ ಸಲ. ಹೆಸರು ಹೇಳಿದ ಮರುದಿನವೇ ಜನ ಅವರ ಹಳೆಯ ಟ್ವೀಟ್‌ಗಳನ್ನು ಕೆದಕಿ ಹೊರಗೆ ಹಾಕಿದರು. ನಿಮ್ಮ ಹುಡುಗಿಯ ಹಳೆಯ ರೀಲ್ಸ್‌ಗೂ ಇದೇ ಗತಿ, ಈಗಲೇ ಕೂತು ಎಲ್ಲ ನೋಡಿಬಿಡಿ.

ನೋವಾ ಸ್ಟುವರ್ಟ್ ಥರ ಆಗಲು ಹೋಗಲಿಲ್ಲ, ಅದು ಅವರ ಜಾಣತನ. ಸ್ಟುವರ್ಟ್ ತನ್ನ ಮನೆ ಹಾಳಾಗುತ್ತಿದೆ ಅಂತ ಕೂಗುವ ಮನೆ ಯಜಮಾನ. ನೋವಾ ಆ ಮನೆಗೆ ಬಂದ ನೆಂಟ. ಶುರುವಿನ ದಿನಗಳಲ್ಲೇ ಡೊನಾಲ್ಡ್ ಟ್ರಂಪ್ ಅವರನ್ನು ಆಫ್ರಿಕದ ಸರ್ವಾಧಿಕಾರಿಗಳ ಪಕ್ಕ ಇಟ್ಟು, ಇಂಥವರನ್ನು ನಾವು ಮೊದಲೇ ನೋಡಿದ್ದೇವೆ ಅನ್ನುವ ಹಾಗೆ ತೋರಿಸಿದರು. ಅಮೆರಿಕದವರೊಬ್ಬರು ಕೂತಿದ್ದರೆ ಆ ಜೋಕ್ ಹುಟ್ಟುತ್ತಲೇ ಇರಲಿಲ್ಲ. ಮೊದಮೊದಲು ನೋಡುಗರು ಕಡಿಮೆಯಾದರು, ನಿಜ. 2020ರಲ್ಲಿ ಕೊರೋನಾ ಬಂದಾಗ ಸ್ಟುಡಿಯೊ ಬಿಟ್ಟು ಮನೆಯಿಂದ, ಟೋಪಿ ಇರುವ ಅಂಗಿ (ಹೂಡಿ) ಹಾಕಿಕೊಂಡು ಮಾತಾಡಿದರು. ಕಾರ್ಯಕ್ರಮ ಪೂರ್ತಿ ಅವರದಾದದ್ದು ಆಗ ಅಂತ ನನ್ನ ಲೆಕ್ಕ. 2022ರ ಡಿಸೆಂಬರ್‌ನಲ್ಲಿ ಬಿಟ್ಟರು. ತಮಾಷೆ ನೋಡಿ, ಅವರ ಕಾರ್ಯಕ್ರಮಕ್ಕೆ ಟಾಕ್ ಶೋ ವಿಭಾಗದ ಎಮ್ಮಿ ಪ್ರಶಸ್ತಿ ಬಂದದ್ದು 2024ರ ಜನವರಿಯಲ್ಲಿ, ಕುರ್ಚಿ ಬಿಟ್ಟು ಒಂದು ವರ್ಷ ಆದ ಮೇಲೆ.

ಇಲ್ಲಿಂದ ಮುಂದಿನ ಭಾಗ ನಿಮ್ಮ ಮೂರನೇ ದಾರಿಗೆ ಸಂಬಂಧಪಟ್ಟದ್ದು. ನೋವಾ ಹೋದ ಮೇಲೆ 2023ರಲ್ಲಿ ವಾರಕ್ಕೊಬ್ಬ ಅತಿಥಿಯನ್ನು ಕೂರಿಸಿದರು. ಲೆಸ್ಲಿ ಜೋನ್ಸ್, ಹಸನ್ ಮಿನಾಜ್, ಕಲ್ ಪೆನ್ ಹೀಗೆ. ಮಧ್ಯದಲ್ಲಿ ಬರಹಗಾರರ ಮುಷ್ಕರ ಬಂತು. ಖಾಯಂ ಆಗಿ ಒಬ್ಬರು ಕೊನೆಗೂ ಸಿಗಲಿಲ್ಲ. 2024ರ ಫೆಬ್ರವರಿಯಲ್ಲಿ ಸ್ಟುವರ್ಟ್ ಅವರನ್ನೇ ಮತ್ತೆ ಕರೆದರು, ಸೋಮವಾರಕ್ಕೆ ಮಾತ್ರ. ಉಳಿದ ದಿನ ತಂಡದ ವರದಿಗಾರರೇ ಸರದಿಯಂತೆ ಕೂರುತ್ತಾರೆ. ಅವರ ಬಳಿ ಅಂಥ ಆಳುಗಳಿದ್ದರು, ನಡೆಯಿತು. ಆರು ಜನರ ತಂಡಕ್ಕೆ ವಾರಾ ವಾರಾ ಹೊಸ ಮುಖ ಹುಡುಕುವುದೇ ಒಂದು ಉದ್ಯೋಗ ಆಗಿಬಿಡುತ್ತದೆ.

ಹಾಗಂತ ವಾರಕ್ಕೊಬ್ಬರು ಅನ್ನುವುದು ಕೆಟ್ಟ ಐಡಿಯಾ ಅಂತಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ 'ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯು' ಅಂತ ಸುದ್ದಿಯ ಮೇಲಿನ ಒಂದು ತಮಾಷೆ ಕ್ವಿಜ್ ಕಾರ್ಯಕ್ರಮ ಇದೆ, 1990ರಿಂದ. ಆಂಗಸ್ ಡೀಟನ್ ಹನ್ನೆರಡು ವರ್ಷ ನಡೆಸಿಕೊಟ್ಟರು. 2002ರಲ್ಲಿ ಅವರ ಖಾಸಗಿ ಬದುಕಿನ ಸುದ್ದಿ ಪತ್ರಿಕೆಗಳಲ್ಲಿ ಬಂದು, ಅವರನ್ನು ಕೈಬಿಟ್ಟರು. ಆಗಿನಿಂದ ಪ್ರತಿ ವಾರ ಅತಿಥಿ ನಿರೂಪಕರೇ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಓಡುತ್ತಲೇ ಇದೆ. ಹೇಗೆ? ಎರಡೂ ಬದಿಯಲ್ಲಿ ತಂಡಗಳ ಖಾಯಂ ನಾಯಕರಾದ ಇಯಾನ್ ಹಿಸ್ಲಪ್ ಮತ್ತು ಪಾಲ್ ಮರ್ಟನ್ ಗೂಟ ಹೊಡೆದ ಹಾಗೆ ಕೂತಿದ್ದಾರೆ. ನಡುವೆ ಯಾರು ಬಂದರೂ ಚಪ್ಪರ ಬೀಳಲ್ಲ. ನಮ್ಮಲ್ಲೇ ನೋಡಿ, 'ಪ್ರಜಾವಾಣಿ'ಯ ಹರಟೆ ಅಂಕಣ 'ಚುರುಮುರಿ'. ಬರೆಯುವವರು ಬದಲಾಗುತ್ತಾರೆ, ಆದರೆ ಅದೇ ಜಾಗ, ಅದೇ ಅಳತೆ, ಕಟ್ಟೆ ಮೇಲೆ ಕೂತು ಹರಟುವ ಅದೇ ದನಿ. ಓದುವವರಿಗೆ ಕೈಗೆ ಹಿಡಿಯಲು ಒಂದು ಗೂಟ ಸಿಗುತ್ತದೆ. ನಿಮ್ಮ ಕಾರ್ಯಕ್ರಮದಲ್ಲಿ ಗೂಟ ಅಂದರೆ ಮೇಷ್ಟ್ರೊಬ್ಬರೇ ಇದ್ದರು. ಅದನ್ನು ಕಿತ್ತು, ಜೊತೆಗೆ ವಾರಕ್ಕೊಬ್ಬರನ್ನು ಕೂರಿಸಿದರೆ ಸಂತೆ ಆಗುತ್ತದೆ. ಇನ್ನೊಂದು ಅಪಾಯ ಇದೆ. ಬಿಬಿಸಿಯ ಆ ಕುರ್ಚಿಯಲ್ಲಿ ಬೋರಿಸ್ ಜಾನ್ಸನ್ ಕೂಡ ಕೂತಿದ್ದರು. ತಮಾಷೆಯ ಮನುಷ್ಯ ಅಂತ ಜನ ಮೆಚ್ಚಿದರು. ಆಮೇಲೆ ಅವರು ಪ್ರಧಾನಿಯಾದರು. ತುಮಕೂರಿನಲ್ಲಿ ಅತಿಥಿ ಕುರ್ಚಿ ಖಾಲಿ ಇದೆ ಅಂತ ಗೊತ್ತಾದರೆ ಮೊದಲ ಫೋನ್ ಯಾರದು ಬರುತ್ತದೆ ಅಂತ ನಿಮಗೇ ಗೊತ್ತು. ಚುನಾವಣೆ ಹತ್ತಿರ ಬಂದರಂತೂ ಕೇಳಲೇಬೇಡಿ.

ದೂರದ ಕತೆ ಸಾಕು. ಮಾಸ್ಟರ್ ಹಿರಣ್ಣಯ್ಯ ಅವರ ನಾಟಕವನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜನ ಜೊತೆ ಹೋಗಿ ನೋಡಿದ್ದೆ. ಅಜ್ಜ ಮಾಸ್ಟರ್ ಹಿರಣ್ಣಯ್ಯನವರ ತಂದೆ ಕೆ. ಹಿರಣ್ಣಯ್ಯ ಅವರನ್ನೂ ನೋಡಿದವರು. ದಾರಿಯುದ್ದಕ್ಕೂ "ಅಪ್ಪನ ಮುಂದೆ ಇವನೇನು" ಅಂತ ಗೊಣಗುತ್ತಿದ್ದರು. ತಂದೆ 1953ರಲ್ಲಿ ತೀರಿಕೊಂಡಾಗ ಮಗನಿಗೆ ಇಪ್ಪತ್ತು ಕೂಡ ತುಂಬಿರಲಿಲ್ಲ. ಕಂಪನಿ ಕಟ್ಟಿ ಮೆರೆದ ಅಪ್ಪನ ಹೆಸರು, ಎಳೆ ಹುಡುಗ, ಎದುರಿಗೆ ನನ್ನಜ್ಜನಂಥ ಸಾವಿರ ಜನ. ನಿಮ್ಮ ಹುಡುಗಿಯ ಕಷ್ಟ ಇದಕ್ಕಿಂತ ದೊಡ್ಡದಾ? ಮಗ ಹೆಸರು ಮಾಡಿದ್ದು 'ಲಂಚಾವತಾರ'ದಿಂದ. ಅವತ್ತಿನ ಪೇಪರಿನ ಸುದ್ದಿ ಅವತ್ತು ರಾತ್ರಿಯೇ ರಂಗದ ಮೇಲೆ ಬರುತ್ತಿತ್ತು. ಮಂತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದರೆ ಇನ್ನೂ ಜೋರು. ಅವತ್ತು ಅಜ್ಜ ನಗದೆ ಇರಲು ತುಂಬಾ ಪ್ರಯತ್ನಪಟ್ಟರು. ಎರಡನೇ ದೃಶ್ಯಕ್ಕೆ ಸೋತರು. ವಾಪಸ್ ಬರುವಾಗ ಅಪ್ಪನ ಮಾತು ಎತ್ತಲಿಲ್ಲ, ಲಂಚದ ಮಾತೇ ಆಡಿದರು.

ಈಗ ನಿಮ್ಮ ಪಾವಗಡದ ಹುಡುಗಿ. ಪಾವಗಡ ನಮ್ಮ ಜಿಲ್ಲೆಯಲ್ಲೇ ಇದೆ ಅನ್ನುವುದು ತುಮಕೂರಿನವರಿಗೆ ಆಗಾಗ ಮರೆತುಹೋಗುತ್ತದೆ. ಮಧುಗಿರಿ ದಾಟಿ ಹೋಗಬೇಕು, ಮೂರು ಕಡೆ ಆಂಧ್ರ. ಅಲ್ಲಿನ ಸೋಲಾರ್ ಪಾರ್ಕ್ 2,050 ಮೆಗಾವಾಟಿನದು, ಸುಮಾರು 13,000 ಎಕರೆ. ಜಮೀನು ಕೊಂಡುಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಈ ಲೆಕ್ಕ ಇಟ್ಟುಕೊಂಡು ಅವಳ ಜೋಕ್ ಇನ್ನೊಮ್ಮೆ ಓದಿ. ಓನರ್ ಆದವನು ತನ್ನ ಹೊಲದ ಗೇಟಿನ ಮುಂದೆ ನಿಂತಿದ್ದಾನೆ. ಇದನ್ನು ಮೇಷ್ಟ್ರು ಬರೆಯಲು ಆಗುತ್ತಿರಲಿಲ್ಲ, ನಾನೂ ಬರೆಯಲು ಆಗುತ್ತಿರಲಿಲ್ಲ. ಅವಳ ಸಿಟ್ಟು ಹೋಂವರ್ಕ್ ಮಾಡದವರ ಮೇಲಲ್ಲ, ತನ್ನ ಊರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದವರ ಮೇಲೆ. ಅದರಲ್ಲಿ ತುಮಕೂರು ನಗರದ ನಾವೂ ಬರುತ್ತೇವೆ. ನಿಮ್ಮ ನೋಡುಗರಿಗೆ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ ಬಿಡಿ.

ತೆಲುಗು ವಾಸನೆಯನ್ನು ದಯವಿಟ್ಟು ತಿದ್ದಬೇಡಿ. ಮೇಷ್ಟ್ರ "ಏನ್ರಪ್ಪಾ" ಕೂಡ ಗ್ರಂಥದ ಕನ್ನಡ ಅಲ್ಲ, ಅಲ್ವಾ?

ಬೇರೆ ಒಂದು ವಿಚಾರಕ್ಕೆ ನೀವು ತಯಾರಾಗಿಲ್ಲ ಅಂತ ಪತ್ರ ಓದಿದಾಗ ಅನ್ನಿಸಿತು. ಮೇಷ್ಟ್ರಿಗೆ ಒಂದು ಕವಚ ಇತ್ತು. ಊರಿನ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಅವರು ಬೈದರೆ ಮೆಂಬರ್ ನಗುತ್ತಾ "ನಮ್ ಮೇಷ್ಟ್ರು ಬಿಡಿ" ಅಂತಿದ್ದ. ಅದೇ ವಾಕ್ಯವನ್ನು ಇಪ್ಪತ್ತೈದರ ಹುಡುಗಿ ಹೇಳಿದರೆ "ಕೊಬ್ಬು" ಅನ್ನುತ್ತಾರೆ. ಜೋಕ್ ಒಂದೇ, ಬೆಲೆ ಬೇರೆ. ಈ ಬೆಲೆಯನ್ನು ಅವಳೊಬ್ಬಳೇ ಕಟ್ಟುವ ಹಾಗೆ ಮಾಡಬೇಡಿ. ಪ್ರತಿ ಕಂತಿನ ಕೊನೆಗೆ ಬರೆದವರೆಲ್ಲರ ಹೆಸರು ಹಾಕಿ. ಅವಳ ಮೈಬಣ್ಣ, ಬಟ್ಟೆ, ಜಾತಿ ಎತ್ತಿದ ಕಾಮೆಂಟ್ ಬಂದರೆ ಅಳಿಸುವ ಕೆಲಸ ಇನ್ನೊಬ್ಬರದಾಗಲಿ, ಅವಳು ಅದನ್ನು ಓದುವುದೇ ಬೇಡ. ಅವಳ ಸ್ವಂತ ನಂಬರ್ ಎಲ್ಲೂ ಇರಬಾರದು. ಹೆಸರು ಹಿಡಿದು ಆರೋಪ ಮಾಡುವ ಸಾಲು ಇದ್ದರೆ, ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟದ್ದು, ಎರಡು ವರ್ಷದವರೆಗೆ ಶಿಕ್ಷೆ ಇದೆ. ಗುಂಡಿಯ ಫೋಟೊ, ಟೆಂಡರ್ ಕಾಗದ, ಸಭೆಯ ನಡಾವಳಿ ಕೈಯಲ್ಲಿದ್ದರೆ ಧೈರ್ಯವಾಗಿ ನಗಿ. ಕೇಳಿದ ಮಾತು ಮಾತ್ರ ಇದ್ದರೆ ಆ ಸಾಲು ಬಿಡಿ. ಮೇಷ್ಟ್ರ ಕಾಲದಲ್ಲಿ ಇದೆಲ್ಲ ನಡೆದುಹೋಯಿತು ಅಂತ ಈಗಲೂ ನಡೆಯುತ್ತದೆ ಅಂದುಕೊಳ್ಳಬೇಡಿ.

ಬರೆಯುವ ಮೇಜಿನ ಕೆಲಸ ನಾಳೆಯೇ ಶುರು ಮಾಡಿ. ಹಳೆಯ ಎರಡು ಸ್ಕ್ರಿಪ್ಟ್ ಅವಳ ಕೈಗೆ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ತಡವರಿಸಿದಳೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಗುರುತುಗಳೆಲ್ಲ ಮೇಷ್ಟ್ರ ಉಸಿರು. ಆಮೇಲೆ ಅದೇ ಸುದ್ದಿಯನ್ನು, ಸ್ಕ್ರಿಪ್ಟ್ ಪಕ್ಕಕ್ಕಿಟ್ಟು, ಮನೆಯಲ್ಲಿ ತಂಗಿಗೆ ಹೇಳುವ ಹಾಗೆ ಹೇಳಲು ಬಿಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದನ್ನೇ ಕೇಳಿ ಬರೆಯಿರಿ. ನಾಲ್ಕು ಕಂತು ಹೀಗೆ ಮಾಡಿ, ಯಾವುದನ್ನೂ ಹೊರಗೆ ಹಾಕಬೇಡಿ. ಐದನೆಯದು ಹಾಕಿ.

ಶಿಷ್ಯನ ಜೊತೆ ಮೊದಲು ಮಾತಾಡಿ. ಬೇರೆಯವರ ಬಾಯಿಂದ ಅವನಿಗೆ ಸುದ್ದಿ ಮುಟ್ಟಬಾರದು. ಅವನು ಐದು ವರ್ಷ ಮೇಷ್ಟ್ರ ಪಕ್ಕ ಕೂತು, ಯಾವ ಸಾಲು ಯಾಕೆ ಕತ್ತರಿಸಿದರು ಅಂತ ನೋಡಿದವನು. ನಿಮ್ಮಲ್ಲಿ ಬೇರೆ ಯಾರಿಗೂ ಅದು ಗೊತ್ತಿಲ್ಲ. ಸ್ಕ್ರಿಪ್ಟ್ ಮೇಜಿನ ಯಜಮಾನಿಕೆ ಅವನಿಗೆ ಕೊಡಿ. ಬೇಕಿದ್ದರೆ ತಿಂಗಳಿಗೊಮ್ಮೆ ಮೈಕ್ ಹಿಡಿದು ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗಿ ಮಾತಾಡಿಸಿಕೊಂಡು ಬರಲಿ, ತನ್ನ ಸ್ವಂತ ದನಿಯಲ್ಲಿ. 'ಡೈಲಿ ಶೋ'ದಲ್ಲಿ ವರದಿಗಾರರಾಗಿದ್ದ ಜಾನ್ ಆಲಿವರ್ ಕತೆ ನೆನಪಿರಲಿ. 2013ರ ಬೇಸಿಗೆಯಲ್ಲಿ ಸ್ಟುವರ್ಟ್ ರಜೆ ಹಾಕಿದಾಗ ಎಂಟು ವಾರ ಚೆನ್ನಾಗಿ ನಡೆಸಿಕೊಟ್ಟರು. ಮರುವರ್ಷ ಬೇರೆ ವಾಹಿನಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. ಒಳ್ಳೆಯ ಎರಡನೇ ಆಳನ್ನು ಸುಮ್ನೆ ಕೂರಿಸಿದರೆ ಅವನು ಉಳಿಯಲ್ಲ.

ಮೇಷ್ಟ್ರ ಕೊನೆಯ ಕಂತು ಪೂರ್ತಿ ಮೇಷ್ಟ್ರದೇ ಆಗಿರಲಿ. ಅದರಲ್ಲಿ ಹುಡುಗಿಯನ್ನು ಕರೆದು ಹೂವು ಕೊಡಿಸಿ "ಇನ್ನು ಇವಳೇ" ಅಂತ ಘೋಷಿಸುವುದು ಬೇಡ. ಅಳುವವರ ಮುಂದೆ ಹೊಸ ಸೊಸೆಯನ್ನು ತಂದು ನಿಲ್ಲಿಸಿದ ಹಾಗೆ ಆಗುತ್ತದೆ. ಮೂರು ವಾರ ಬಿಡಿ. ಸ್ಟುವರ್ಟ್ ಮತ್ತು ನೋವಾ ನಡುವೆ ಏಳು ವಾರಕ್ಕೂ ಮೇಲೆ ಬಿಡುವಿತ್ತು, ಆಗಸ್ಟ್ 6ರಿಂದ ಸೆಪ್ಟೆಂಬರ್ 28ರವರೆಗೆ. ಹೊಸಬಳು ಬಂದ ಮೇಲೆ ಆರು ತಿಂಗಳು ಮೇಷ್ಟ್ರನ್ನು ಅತಿಥಿಯಾಗಿ ಕೂಡ ಕರೆಯಬೇಡಿ. ವ್ಯೂಸ್ ಕುಸಿದಾಗ ಕರೆಯಬೇಕು ಅನ್ನಿಸುತ್ತದೆ. ಕುಸಿಯುವುದಂತೂ ಗ್ಯಾರಂಟಿ. ಆಗ ಕಾಮೆಂಟ್ ಮುಚ್ಚಿ, ಯೂಟ್ಯೂಬ್ ಸ್ಟುಡಿಯೊದಲ್ಲಿ ಜನ ಎಷ್ಟು ನಿಮಿಷದವರೆಗೆ ನೋಡಿದರು ಅನ್ನುವ ಗೆರೆ ನೋಡಿ. ಬೈಯುತ್ತಲೇ ಹದಿನೆಂಟನೇ ನಿಮಿಷದವರೆಗೆ ಕೂತಿದ್ದರೆ ಅವರು ನಿಮ್ಮವರೇ, ನನ್ನಜ್ಜನ ಹಾಗೆ.

ಕೊನೆಗೆ ಲೋಟ. ಅದು ಮೇಷ್ಟ್ರ ಮನೆಯದು ಅಂತ ನೀವೇ ಬರೆದಿದ್ದೀರಿ. ಕೊನೆಯ ಶೂಟಿಂಗ್ ದಿನ ತೊಳೆದು, ಒರೆಸಿ, ಅವರ ಕೈಗೆ ಕೊಟ್ಟು ಹುಬ್ಬಳ್ಳಿಗೆ ಕಳಿಸಿ. "ಊರು ಇನ್ನೂ ಇದೆಯಾ" ಅನ್ನುವ ಮಾತೂ ಅವರ ಜೊತೆಗೇ ಹೋಗಲಿ. ಮೇಜು ಇರಲಿ, ಶುರುವಿನ ಸಂಗೀತ ಇರಲಿ. ಹುಡುಗಿ ಮೇಜಿನ ಮೇಲೆ ಏನಿಡಬೇಕು ಅಂತ ಅವಳನ್ನೇ ಕೇಳಿ. ಏನೂ ಬೇಡ ಅಂದರೆ ಖಾಲಿ ಬಿಡಿ.